ಮನೆ ಪತ್ರದೊಳಗಿನ ಲಾಟರಿ ನಂಬರು

ಮನೆ ಕೊಳ್ಳುವಾಗ ಲಾಯರ್ ಆಫೀಸಿನಲ್ಲಿ ಕೊಡುವ ಕಾಗದದ ಕಟ್ಟನ್ನು ಯಾರೂ ಓದುವುದಿಲ್ಲ. ಸಹಿ ಹಾಕಿ ಹಾಕಿ ಬೆರಳು ನೋಯುತ್ತಿರುತ್ತದೆ, ಕೀ ಕೈಗೆ ಬಂದರೆ ಸಾಕಾಗಿರುತ್ತದೆ. ನಾನು ನಮ್ಮ ಮನೆ ಪತ್ರ ಓದಿದ್ದು ತುಂಬಾ ಕಾಲ ಆದ ಮೇಲೆ, ಬೇಲಿ ಹಾಕಿಸಲು ನಮ್ಮ ಗಡಿ ಎಲ್ಲಿಯವರೆಗೆ ಅಂತ ನೋಡುವುದಕ್ಕೆ. ಜಾಗದ ವಿವರ ಹೀಗೆ ಶುರುವಾಗುತ್ತದೆ: ಲ್ಯಾಂಡ್ ಲಾಟ್ ಇಷ್ಟು, ಡಿಸ್ಟ್ರಿಕ್ಟ್ ಇಷ್ಟು, ಸೆಕ್ಷನ್ ಇಷ್ಟು, ಫಾರ್ಸೈತ್ ಕೌಂಟಿ, ಜಾರ್ಜಿಯಾ. ನಮ್ಮ ಸಾಗರದ ಕಡೆ ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತಲ್ಲ, ಅದೇ ತರ ಅಂದುಕೊಂಡೆ. ಸುಮ್ನೆ ಕುತೂಹಲಕ್ಕೆ ಹುಡುಕಿದಾಗ ಗೊತ್ತಾಯಿತು, ಇವು ಲಾಟರಿ ನಂಬರುಗಳು.

ಮಾತಿಗೆ ಹೇಳುತ್ತಿಲ್ಲ, ನಿಜವಾದ ಲಾಟರಿ. 1832ರಲ್ಲಿ ಅಮೆರಿಕದ ಈ ಜಾರ್ಜಿಯಾ ರಾಜ್ಯದ ಸರ್ಕಾರ ಇಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರ ನಾಡನ್ನು ಅಳೆದು ಚೌಕ ಚೌಕವಾಗಿ ತುಂಡು ಮಾಡಿತು. ಚಿನ್ನ ಸಿಗಬಹುದು ಅನ್ನಿಸಿದ ಕಡೆ 40 ಎಕರೆಯ ತುಂಡು, ಉಳಿದ ಕಡೆ 160 ಎಕರೆಯದು. ಒಂದು ಡ್ರಮ್ಮಿನಲ್ಲಿ ಅರ್ಜಿ ಹಾಕಿದವರ ಹೆಸರಿನ ಚೀಟಿ, ಇನ್ನೊಂದರಲ್ಲಿ ಜಾಗದ ನಂಬರಿನ ಚೀಟಿ. ಎರಡರಿಂದಲೂ ಒಂದೊಂದು ಎತ್ತುವುದು, ಓದಿ ಹೇಳುವುದು. ಆ ಹೊತ್ತಿನಲ್ಲಿ ಚೆರೊಕೀ ಜನ ಎಲ್ಲೂ ಹೋಗಿರಲಿಲ್ಲ. ಅದೇ ಜಾಗಗಳಲ್ಲಿ ಮನೆ ಮಾಡಿಕೊಂಡು ಜೋಳ ಬೆಳೆಯುತ್ತಿದ್ದರು.

ನಾನು ಭಾನುವಾರ ಬೆಳಿಗ್ಗೆ ಗೆಳತಿಯೊಬ್ಬಳ ಮನೆಯ ಬೇಸ್‌ಮೆಂಟಿನಲ್ಲಿ ಇಲ್ಲಿನ ಕನ್ನಡದ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂಬತ್ತು ವರ್ಷದವರಿಂದ ಹದಿನಾಲ್ಕರವರೆಗೆ ಇದ್ದಾರೆ. ಕಾಗುಣಿತ, ಒತ್ತಕ್ಷರ, ಒಂದು ಪದ್ಯ, ಕೊನೆಗೆ ಒಂದು ಕತೆ. ಆ ಕತೆಯ ಅರ್ಧ ಗಂಟೆಗೆ ಯಾವ ಸಿಲಬಸ್ಸೂ ಇಲ್ಲ, ನನ್ನದೇ ದರ್ಬಾರು. ಅಲ್ಲಿಗೆ ನಾನು ಚೆರೊಕೀ ಜನರನ್ನು ತಂದೆ.

ಶಾಲೆಯಲ್ಲಿ ಇದನ್ನು ಹೇಳಿಕೊಡುವುದಿಲ್ಲ ಅಂತಲ್ಲ. ಎಂಟನೇ ಗ್ರೇಡಿನಲ್ಲಿ ಜಾರ್ಜಿಯಾದ ಚರಿತ್ರೆಯೇ ಒಂದು ವಿಷಯ, ಅದರಲ್ಲಿ 'ಟ್ರೇಲ್ ಆಫ್ ಟಿಯರ್ಸ್', ಅಂದರೆ ಕಣ್ಣೀರಿನ ದಾರಿ, ಬರುತ್ತದೆ. ದೊಡ್ಡ ಮಕ್ಕಳನ್ನು ಕೇಳಿದರೆ ಪಟಪಟ ಅಂತ ಹೇಳುತ್ತಾರೆ: 1838, ಓಕ್ಲಹೋಮಾ ಕಡೆಗೆ ನಡೆಸಿದರು, ನಾಲ್ಕು ಸಾವಿರ ಜನ ಸತ್ತರು, ವೆರಿ ಸ್ಯಾಡ್. ನಕ್ಷೆಯಲ್ಲಿ ಬಾಣದ ಗುರುತನ್ನೂ ಹಾಕುತ್ತಾರೆ. ಆದರೆ ಹೊರಡುವ ಮುಂಚೆ ಅವರು ಹೇಗಿದ್ದರು ಅಂತ ಕೇಳಿದರೆ ಗರಿ, ಡೇರೆ, ಕುದುರೆ. ಅಂದರೆ ಮಕ್ಕಳ ತಲೆಯಲ್ಲಿ ಈ ಜನ ಹುಟ್ಟಿದ್ದೇ ಅಳುತ್ತಾ ನಡೆಯುವುದಕ್ಕೆ. ಏನಿತ್ತು ಅಂತಲೇ ಗೊತ್ತಿಲ್ಲದಿದ್ದರೆ ಏನು ಹೋಯಿತು ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ನಾನು ಮೊದಲ ಕೆಲವು ವಾರ ಸಾವಿನ ಸುದ್ದಿಯನ್ನೇ ಎತ್ತಲಿಲ್ಲ.

ಶುರು ಮಾಡಿದ್ದು ಅಕ್ಷರದಿಂದ. ಕನ್ನಡ ಕ್ಲಾಸಿಗೆ ಅದು ಹೇಳಿ ಮಾಡಿಸಿದ ವಿಷಯ. ಸಿಕ್ವೋಯಾ ಅಂತ ಒಬ್ಬ ಚೆರೊಕೀ ಮನುಷ್ಯ, ಬೆಳ್ಳಿ ಕೆಲಸದವನು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಗೀಚಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದನ್ನು ನೋಡಿ, ನಮ್ಮ ಮಾತಿಗೂ ಹಾಗೇ ಮಾಡಬಹುದು ಅಂತ ಹಟ ಹಿಡಿದ. ವರ್ಷಗಟ್ಟಲೆ ಅದೇ ಕೆಲಸ. ಊರವರು ಇದೇನೋ ಮಾಟ ಅಂದರು. 1821ರ ಹೊತ್ತಿಗೆ ಚೆರೊಕೀ ಭಾಷೆಯ ಒಂದೊಂದು ಉಚ್ಚಾರಕ್ಕೂ ಒಂದೊಂದು ಗುರುತು ಮಾಡಿ ಮುಗಿಸಿದ್ದ. ಮೊದಲು 86 ಇದ್ದವು, ಆಮೇಲೆ 85 ಆದವು. ಮೊದಲು ಕಲಿತವಳು ಅವನ ಪುಟ್ಟ ಮಗಳು. ಜನ ನಂಬದಿದ್ದಾಗ ಅವಳನ್ನು ದೂರ ನಿಲ್ಲಿಸಿ, ಇಲ್ಲಿ ಹೇಳಿದ್ದನ್ನು ಬರೆದು, ಅಲ್ಲಿ ಅವಳಿಂದ ಓದಿಸಿ ತೋರಿಸಿದ. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಓದು ಬರಹ ಕಲಿತುಬಿಟ್ಟರು.

"ಆಂಟಿ, ಹಾಗಾದ್ರೆ ಕಾಗುಣಿತ ಇಲ್ವಾ ಅವರಿಗೆ?" ಅಂತ ದಾವಣಗೆರೆಯವರ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ನಮ್ಮಲ್ಲಿ ಕ, ಕಾ, ಕಿ, ಕೀ ಎಲ್ಲಕ್ಕೂ ತಳದಲ್ಲಿ ಅದೇ ಕ, ಗುರುತು ಮಾತ್ರ ಬದಲು. ಅವರಲ್ಲಿ ಹಾಗಲ್ಲ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುವುದಿಲ್ಲ. 85ನ್ನೂ ಬಾಯಿಪಾಠ ಮಾಡಬೇಕು. ಕೆಲವು ಗುರುತು ಇಂಗ್ಲಿಷ್ ಅಕ್ಷರದಂತೆಯೇ ಇವೆ, ಆದರೆ ಉಚ್ಚಾರ ಬೇರೆ. ಡಿ ತರ ಕಾಣುವುದು 'ಅ'. ಡಬ್ಲ್ಯೂ ತರ ಕಾಣುವುದು 'ಲ'. ಎಚ್ ತರ ಇರುವುದು 'ಮಿ'. ಇಷ್ಟು ಹೇಳಿದ್ದೇ ತಡ, ಮಕ್ಕಳು ಫೋನ್ ಎತ್ತಿಕೊಂಡರು. ಐಫೋನಿನಲ್ಲಿ ಚೆರೊಕೀ ಕೀಬೋರ್ಡ್ ಇದೆ, ನಮ್ಮ ಕನ್ನಡ ಕೀಬೋರ್ಡ್ ಸೇರಿಸುವ ಜಾಗದಲ್ಲೇ. ಎಲ್ಲರೂ ತಮ್ಮ ಹೆಸರು ಬರೆಯಲು ಕೂತರು. 'ಪ್ರ' ಅಂತ ಶುರುವಾಗುವ ಹೆಸರಿನ ಹುಡುಗ ಸಿಕ್ಕಿಹಾಕಿಕೊಂಡ. ಪ, ಬ ಆ ಭಾಷೆಯಲ್ಲಿಲ್ಲ, ರ ಕೂಡ ಆ ಅಕ್ಷರಮಾಲೆಯಲ್ಲಿಲ್ಲ. ಅವನ ಹೆಸರನ್ನು ಏನು ಮಾಡುವುದು ಅಂತ ಚರ್ಚೆ ಮಾಡುವುದರಲ್ಲೇ ಆ ದಿನದ ಅರ್ಧ ಗಂಟೆ ಮುಗಿಯಿತು. ನನಗೇನೂ ಬೇಜಾರಾಗಲಿಲ್ಲ.

ಮುಂದಿನದು ನ್ಯೂ ಎಕೋಟ. ನಮ್ಮ ಮನೆಯಿಂದ ಒಂದು ಗಂಟೆ ಚಿಲ್ಲರೆ ದಾರಿ, ಕ್ಯಾಲ್‌ಹೂನ್ ಪಕ್ಕ. 1825ರಿಂದ ಅದು ಚೆರೊಕೀ ರಾಷ್ಟ್ರದ ರಾಜಧಾನಿ. ಈಗ ಸರ್ಕಾರ ನೋಡಿಕೊಳ್ಳುವ ಚಾರಿತ್ರಿಕ ಜಾಗ. ಹುಲ್ಲಿನ ಬಯಲು, ನಡುವೆ ದೂರ ದೂರಕ್ಕೆ ಮರದ ಕಟ್ಟಡಗಳು. ವೂಸ್ಟರ್ ಎಂಬ ಮಿಶನರಿಯ ಮನೆ ಮಾತ್ರ ಅಲ್ಲಿಯೇ ಉಳಿದುಕೊಂಡ ಹಳೇ ಕಟ್ಟಡ. ಸಭಾಭವನ, ಸುಪ್ರೀಂ ಕೋರ್ಟು, ಪ್ರೆಸ್ಸು ಎಲ್ಲ ಹಳೆಯದರ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ಹೌದು, ಸುಪ್ರೀಂ ಕೋರ್ಟು. 1827ರಲ್ಲಿ ಬರೆದುಕೊಂಡ ಸಂವಿಧಾನವೂ ಇತ್ತು. 1828ರ ಫೆಬ್ರವರಿ 21ಕ್ಕೆ 'ಚೆರೊಕೀ ಫೀನಿಕ್ಸ್' ಎಂಬ ಪತ್ರಿಕೆ ಹೊರಟಿತು, ಇಂಗ್ಲಿಷ್ ಮತ್ತು ಚೆರೊಕೀ ಎರಡೂ ಭಾಷೆಯಲ್ಲಿ. ಮಕ್ಕಳು ಪ್ರೆಸ್ಸಿನ ಮನೆಯಲ್ಲೇ ಜಾಸ್ತಿ ಹೊತ್ತು ನಿಂತರು. 1954ರಲ್ಲಿ ಅಲ್ಲಿ ಅಗೆದಾಗ ಮಣ್ಣಿನಿಂದ ಸೀಸದ ಅಚ್ಚುಮೊಳೆಗಳು ಎದ್ದು ಬಂದವು, ಆ ಸಿಕ್ವೋಯಾನ ಅಕ್ಷರಗಳು. ಯಾಕೆ ಮಣ್ಣಿನಲ್ಲಿದ್ದವು ಅಂತ ನನ್ನ ಮಗಳು ಕೇಳಿದಳು. ಅಲ್ಲಿಂದ ಕೆಟ್ಟ ಭಾಗ ಶುರು.

ಆ ಭಾಗವನ್ನು ನಾನು ಕಾಗದದ ಕತೆಯಾಗಿ ಹೇಳುತ್ತೇನೆ, ಯಾಕೆಂದರೆ ಅದು ನಡೆದದ್ದೇ ಹಾಗೆ. ಇಲ್ಲೇ ಉತ್ತರ ಜಾರ್ಜಿಯಾದ ಡಾಲೊನೇಗದ ಸುತ್ತ ಚಿನ್ನ ಸಿಕ್ಕಿತು, 1828-29ರ ಹೊತ್ತಿಗೆ ಜನ ಮುಗಿಬಿದ್ದರು. 1830ರ ಮೇನಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸ್ಸಿಸ್ಸಿಪ್ಪಿ ನದಿಯ ಆಚೆ ಕಳಿಸುವ ಕಾನೂನಿಗೆ ಸಹಿ ಹಾಕಿದ. (ಇಪ್ಪತ್ತು ಡಾಲರ್ ನೋಟು ತೆಗೆದು ತೋರಿಸಿದೆ. ಆತನದೇ ಚಿತ್ರ.) 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅದೇ ವೂಸ್ಟರ್ ಹೂಡಿದ್ದ ಮೊಕದ್ದಮೆಯಲ್ಲಿ, ಚೆರೊಕೀ ನೆಲದ ಮೇಲೆ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಅಂತ ತೀರ್ಪು ಕೊಟ್ಟಿತು. "ಗೆದ್ರಲ್ಲ!" ಅಂತ ಹುಡುಗರು ಕೂಗಿದರು. ಗೆದ್ದರು. ಆದರೂ ಲಾಟರಿ ಎತ್ತಿದ್ದು ಅದೇ ವರ್ಷ. 1835ರಲ್ಲಿ ಜಾರ್ಜಿಯಾ ಗಾರ್ಡ್ ಸೈನಿಕರು ಬಂದು ಪ್ರೆಸ್ಸನ್ನು ಹೊತ್ತೊಯ್ದರು. ಆ ಡಿಸೆಂಬರಿನಲ್ಲಿ ಚೆರೊಕೀ ಜನರದೇ, ಅಧಿಕಾರವಿಲ್ಲದ ಒಂದು ಸಣ್ಣ ಗುಂಪು ಐವತ್ತು ಲಕ್ಷ ಡಾಲರಿಗೆ ಪೂರ್ತಿ ನಾಡನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಚೆರೊಕೀ ಮುಖ್ಯಸ್ಥ ಜಾನ್ ರಾಸ್ ಒಪ್ಪಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಜನರ ಸಹಿಯ ಮನವಿ ವಾಷಿಂಗ್ಟನ್ನಿಗೆ ಹೋಯಿತು. ಸೆನೆಟ್ ಮಾತ್ರ ಬೇಕಿದ್ದ ಮೂರನೇ ಎರಡು ಬಹುಮತವನ್ನು ಕೂದಲೆಳೆಯಲ್ಲಿ ಮುಟ್ಟಿ ಒಪ್ಪಂದವನ್ನು ಪಾಸು ಮಾಡಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1838ರ ಮೇ ಕೊನೆಗೆ ಸೈನಿಕರು ಮನೆ ಮನೆಗೆ ಬಂದು ಜನರನ್ನು ಹೊರಡಿಸಿದರು. ಬೇಸಿಗೆಯಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದಾಗ ಭೇದಿ, ಜ್ವರ. ಚಳಿಗಾಲದಲ್ಲಿ ಕೆಲವು ತಂಡಗಳು ಮಿಸ್ಸಿಸ್ಸಿಪ್ಪಿ ಮಂಜುಗಡ್ಡೆ ಕಟ್ಟಿದ್ದರಿಂದ ದಡದಲ್ಲೇ ಸಿಕ್ಕಿಬಿದ್ದವು. ಸುಮಾರು 16,000 ಜನರಲ್ಲಿ 4,000 ಜನ ಸತ್ತರು ಅನ್ನುವುದು ಎಲ್ಲರೂ ಹೇಳುವ ಅಂದಾಜು. ಚಿಕ್ಕ ಮಕ್ಕಳ ಮುಂದೆ ಇದನ್ನು ಬಣ್ಣಿಸುತ್ತಾ ಕೂರುವುದು ನನಗೆ ಇಷ್ಟವಿಲ್ಲ.

ಇಂಥ ಪಾಠಕ್ಕೆ ಅಂತಲೇ ಒಂದು ಆಟ ಚಾಲ್ತಿಯಲ್ಲಿದೆ. 'ಐದು ನಿಮಿಷದಲ್ಲಿ ಮನೆ ಬಿಡಬೇಕು, ಏನು ತಗೊಂಡು ಹೋಗ್ತೀರಿ?' ಅಂತ ಕೇಳುವುದು. ನನಗೆ ಅದು ಹಿಡಿಸುವುದೇ ಇಲ್ಲ. ಮಕ್ಕಳು ಐಪ್ಯಾಡ್, ನಾಯಿ, ಚಾರ್ಜರ್ ಅನ್ನುತ್ತಾರೆ, ನಗುತ್ತಾರೆ. ಒಂದಿಬ್ಬರು ಅಳುತ್ತಾರೆ, ಅದೂ ತಮ್ಮ ನಾಯಿಗಾಗಿ. ಬೇರೆಯವರಿಗೆ ಆದದ್ದು ಕೊನೆಗೆ ನಮ್ಮ ಬಗ್ಗೆಯೇ ಆಗಿಬಿಡುತ್ತದೆ.

ಅದರ ಬದಲು ನಾನು ಪಟ್ಟಿ ಓದಿಸುತ್ತೇನೆ. 1836ರಲ್ಲಿ ಸರ್ಕಾರದ ಏಜೆಂಟರು ಚೆರೊಕೀ ಮನೆಗಳಿಗೆ ಹೋಗಿ ಪರಿಹಾರಕ್ಕೆಂದು ಲೆಕ್ಕ ಬರೆದುಕೊಂಡರು. ಮರದ ದಿಮ್ಮಿಯ ಮನೆ, ಜೋಳದ ಕಣಜ, ಉತ್ತ ಹೊಲ ಎಷ್ಟು ಎಕರೆ, ಸೇಬಿನ ಮರ ಎಷ್ಟು, ಪೀಚ್ ಮರ ಎಷ್ಟು, ಒಂದೊಂದಕ್ಕೂ ಬೆಲೆ ಎಷ್ಟು. ಪೀಚ್ ಮರಗಳ ಸಾಲು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಜಾರ್ಜಿಯಾ ಅಂದರೆ 'ಪೀಚ್ ಸ್ಟೇಟ್', ನಮ್ಮೆಲ್ಲರ ಕಾರಿನ ನಂಬರ್ ಪ್ಲೇಟಿನ ಮೇಲೂ ಪೀಚ್ ಹಣ್ಣಿದೆ. ಈ ಮರಗಳನ್ನು ನೆಟ್ಟವರು ಯಾರು, ಹಣ್ಣು ತಿಂದವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅದೇ ವಾರ ಮನೆ ಪತ್ರದ ಪ್ರತಿಯನ್ನೂ ತೋರಿಸಿದೆ. ಮುಂದಿನ ಭಾನುವಾರ ನಾಲ್ಕೈದು ಮಕ್ಕಳು ಅಪ್ಪ ಅಮ್ಮನ ಬೀರು ಹುಡುಕಿ ತಮ್ಮ ಲ್ಯಾಂಡ್ ಲಾಟ್ ನಂಬರ್ ಬರೆದುಕೊಂಡು ಬಂದಿದ್ದರು.

ಅದರಿಂದ ಸ್ವಲ್ಪ ಗದ್ದಲವೂ ಆಯಿತು. ಒಬ್ಬರು ತಂದೆ ಫೋನ್ ಮಾಡಿದರು. ಬೇಜಾರಿನಿಂದಲ್ಲ, ಮರ್ಯಾದೆಯಾಗಿಯೇ ಹೇಳಿದರು: "ಮೇಡಂ, ನಾವು ದುಡಿದು, ಸಾಲ ಮಾಡಿ ಮನೆ ತಗೊಂಡಿದೀವಿ. ಮಗಳು ಈಗ ಇದು ಕದ್ದ ಜಾಗ ಅಂತಾಳೆ." ನಾನು ಹೇಳಿದೆ, ನೀವು ಕದ್ದಿಲ್ಲ ಸರ್, ನಾನೂ ಕದ್ದಿಲ್ಲ. ಆದರೆ ಕದ್ದದ್ದು ಹೌದು, ನಂಬರ್ ನಮ್ಮ ಪತ್ರದಲ್ಲೇ ಇದೆ. ಹನ್ನೆರಡು ವರ್ಷದ ಹುಡುಗಿಗೆ ಈ ಎರಡೂ ಮಾತನ್ನು ಒಟ್ಟಿಗೆ ಇಟ್ಟುಕೊಳ್ಳುವ ಶಕ್ತಿ ಇರುತ್ತದೆ. ದೊಡ್ಡವರಿಗೇ ಸ್ವಲ್ಪ ಕಷ್ಟ.

ಇನ್ನೊಂದು ಮಾತು ಪದೇ ಪದೇ ಬರುತ್ತದೆ, ಮಕ್ಕಳಿಂದಲೂ ದೊಡ್ಡವರಿಂದಲೂ. 'ನಾವೂ ಊರು ಬಿಟ್ಟು ಬಂದವರೇ, ನಮ್ಮ ಮಕ್ಕಳೂ ಭಾಷೆ ಮರೀತಿದ್ದಾರೆ, ನಮ್ಮದೂ ಹಾಗೇ ಅಲ್ವಾ?' ಅಲ್ಲ. ನಾವು ಟಿಕೆಟ್ ತಗೊಂಡು, ಉಪ್ಪಿನಕಾಯಿ ಬಾಟಲಿಗೆ ಟೇಪ್ ಸುತ್ತಿಕೊಂಡು ಬಂದವರು. ಬೇಕಾದರೆ ನಾಳೆ ವಾಪಸ್ ಹೋಗಬಹುದು. ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ಅದು ನಮ್ಮ ಸೋಮಾರಿತನ. 1879ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ಶುರುವಾದ ಬೋರ್ಡಿಂಗ್ ಶಾಲೆ, ಆಮೇಲೆ ಅದೇ ಮಾದರಿಯಲ್ಲಿ ಬಂದ ಎಷ್ಟೋ ಶಾಲೆಗಳು ಮೂಲನಿವಾಸಿ ಮಕ್ಕಳ ಜಡೆ ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡಿದರೆ ಶಿಕ್ಷೆ ಕೊಟ್ಟವು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿಯ ನೀರಿನಡಿ ಹೋಗಿದೆ, 1964ರಲ್ಲಿ ಅಣೆಕಟ್ಟು ಮುಗಿದಾಗ. ಆ ಮುಳುಗಡೆಯ ನೋವು ನನಗೆ ಮನೆಯ ಮಾತೇ. ಆದರೂ ಅದನ್ನು ಈ ಪಾಠದೊಳಗೆ ತರುವುದಿಲ್ಲ. ಅದಕ್ಕೆ ಅದರದೇ ಭಾನುವಾರ ಬೇಕು.

ಇನ್ನು, ಚೆರೊಕೀ ಜನರನ್ನು ದೇವರ ಮಕ್ಕಳು ಮಾಡಿ ತೋರಿಸುವುದೂ ಬೇಡ. ನ್ಯೂ ಎಕೋಟದಲ್ಲಿ ವ್ಯಾನ್ಸ್ ಟ್ಯಾವರ್ನ್ ಅಂತ ಒಂದು ಹಳೇ ಕಟ್ಟಡವಿದೆ. ದಾರಿಹೋಕರ ಛತ್ರದಂಥದ್ದು. ಅದು ಅಲ್ಲಿಯದಲ್ಲ, ನಮ್ಮ ಫಾರ್ಸೈತ್ ಕೌಂಟಿಯದು! ಚಾಟಾಹೂಚಿ ನದಿಯ ಹತ್ತಿರ ಇತ್ತು. 1950ರ ದಶಕದಲ್ಲಿ ಅಣೆಕಟ್ಟು ಕಟ್ಟಿ ಲೇನಿಯರ್ ಸರೋವರ ತುಂಬಿಸುವಾಗ ಮುಳುಗದಿರಲಿ ಅಂತ ಬಿಚ್ಚಿ ಒಯ್ದು ನ್ಯೂ ಎಕೋಟದಲ್ಲಿ ನಿಲ್ಲಿಸಿದರು. ಅದರ ಒಡೆಯ ಜೇಮ್ಸ್ ವ್ಯಾನ್ ಚೆರೊಕೀ ನಾಯಕ, ಭಾರಿ ಸಾಹುಕಾರ, ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. 1838ರಲ್ಲಿ ಪಶ್ಚಿಮಕ್ಕೆ ನಡೆದವರಲ್ಲಿ ಅಂಥ ಗುಲಾಮರೂ ಇದ್ದರು. ಶಾಲೆಯ ನಕ್ಷೆಯ ಬಾಣದಲ್ಲಿ ಅವರು ಕಾಣುವುದಿಲ್ಲ. ಮಕ್ಕಳಿಗೆ ಇದು ಸಿಟ್ಟು ತರಿಸಿತು. ಇಷ್ಟು ಹೊತ್ತು ನಾವು ಯಾರ ಪರ ಇದ್ದೆವು ಅನ್ನುವ ತರದ ಸಿಟ್ಟು.

ದೊಡ್ಡ ಮಕ್ಕಳಿಗೆ ಮಾತ್ರ 1912ರ ಸಂಗತಿಯನ್ನೂ ಹೇಳಿದೆ. ಇದೇ ಕೌಂಟಿಯಲ್ಲಿ ಒಬ್ಬ ಬಿಳಿಯ ಯುವತಿಯ ಕೊಲೆಯಾಯಿತು. ಕಮ್ಮಿಂಗ್ ಊರಿನ ನಡುವೆ ಗುಂಪು ಸೇರಿ ಒಬ್ಬ ಕಪ್ಪು ಮನುಷ್ಯನನ್ನು ಕೊಂದು ತೂಗುಹಾಕಿತು. ಹದಿಹರೆಯದ ಇಬ್ಬರನ್ನು ಅವಸರದ ವಿಚಾರಣೆ ಮಾಡಿ ಗಲ್ಲಿಗೇರಿಸಿದರು. ಆಮೇಲೆ ರಾತ್ರಿ ಹೊತ್ತು ಕುದುರೆಯ ಮೇಲೆ ಬಂದವರು ಬೆದರಿಸಿ, ಮನೆ ಚರ್ಚುಗಳಿಗೆ ಬೆಂಕಿ ಇಟ್ಟು, ಸುಮಾರು 1,100 ಕಪ್ಪು ಜನರನ್ನು ಕೌಂಟಿಯಿಂದಲೇ ಓಡಿಸಿದರು. ಎಷ್ಟೋ ದಶಕ ಇಲ್ಲಿ ಕಪ್ಪು ಜನ ಇರಲೇ ಇಲ್ಲ ಅನ್ನಬಹುದು. 1987ರ ಜನವರಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೊಸೀಯಾ ವಿಲಿಯಮ್ಸ್ ಮುಂದೆ ನಿಂತು ಇದರ ವಿರುದ್ಧ ಮೆರವಣಿಗೆ ಹೊರಡಿಸಿದಾಗ ಕಲ್ಲು ಬಾಟಲಿ ಬಿದ್ದವು. ಒಂದು ವಾರದ ಮೇಲೆ ಸುಮಾರು ಇಪ್ಪತ್ತು ಸಾವಿರ ಜನ ಬಂದು ಮತ್ತೆ ನಡೆದರು. ಅದೇ ಕಮ್ಮಿಂಗ್‌ನ ಸುತ್ತಮುತ್ತ ಈಗ ನಮ್ಮ ಗಣಪತಿ ಹಬ್ಬ, ರಾಜ್ಯೋತ್ಸವ, ಚಿತ್ರಾನ್ನ ಮೊಸರನ್ನದ ಪಾಟ್‌ಲಕ್. ನಾನು ಏನೂ ವ್ಯಾಖ್ಯಾನ ಮಾಡಲಿಲ್ಲ. ವರ್ಷಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ, ಅಷ್ಟೇ.

ಈ ಪಾಠ 1838ಕ್ಕೆ ನಿಂತರೆ ದೊಡ್ಡ ಸುಳ್ಳಾಗುತ್ತದೆ. ಹೋದ ಕಡೆ ಚೆರೊಕೀ ಜನ ಸುಮ್ಮನೆ ಕೂರಲಿಲ್ಲ. ಟಾಲೆಕ್ವಾ ಎಂಬ ಊರು ಕಟ್ಟಿ ರಾಜಧಾನಿ ಮಾಡಿಕೊಂಡರು. 1844ಕ್ಕೆ ಮತ್ತೆ ಎರಡು ಭಾಷೆಯ ಪತ್ರಿಕೆ ತಂದರು, 'ಚೆರೊಕೀ ಅಡ್ವೊಕೇಟ್'. 1851ಕ್ಕೆ ಹೆಣ್ಣುಮಕ್ಕಳ ಸೆಮಿನರಿ ತೆರೆದರು. ಅಂದರೆ ಅಷ್ಟು ದೊಡ್ಡ ಏಟೂ ಭಾಷೆಯನ್ನು ಕೊಂದಿರಲಿಲ್ಲ. 1907ರಲ್ಲಿ ಓಕ್ಲಹೋಮಾ ರಾಜ್ಯ ಆಗುವ ಹೊತ್ತಿಗೆ ಅವರ ಕೋರ್ಟು, ಶಾಲೆ, ಎಲ್ಲರಿಗೂ ಸೇರಿದ್ದ ನೆಲ ಎಲ್ಲವನ್ನೂ ಕಿತ್ತುಕೊಂಡದ್ದು, ಆಮೇಲೆ ಇಂಗ್ಲಿಷ್ ಶಾಲೆಗಳು, ಮಕ್ಕಳಿಗೆ ಕಷ್ಟವಾಗದಿರಲಿ ಅಂತ ಮನೆಯಲ್ಲೇ ಮಾತು ಬಿಟ್ಟ ಅಪ್ಪ ಅಮ್ಮಂದಿರು, ಇವೆಲ್ಲ ಸೇರಿ ಭಾಷೆ ಸೊರಗಿತು. ಈಗ ಚೆರೊಕೀ ನೇಶನ್ನಿನ ಪ್ರಜೆಗಳೇ ನಾಲ್ಕು ಲಕ್ಷದ ಮೇಲಿದ್ದಾರೆ. ಸರಾಗವಾಗಿ ಮಾತಾಡುವವರು ಎರಡು ಸಾವಿರದ ಆಸುಪಾಸು, ಹೆಚ್ಚಿನವರು ವಯಸ್ಸಾದವರು. ಚೆರೊಕೀ ಜನರಿಗೆ ಈಗ ಮೂರು ಸರ್ಕಾರಗಳಿವೆ; 2019ರಲ್ಲಿ ಮೂರೂ ಸೇರಿ ಭಾಷೆಯ ವಿಷಯದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದವು. ಟಾಲೆಕ್ವಾದಲ್ಲಿ ಎಲ್ಲವನ್ನೂ ಚೆರೊಕೀಯಲ್ಲೇ ಹೇಳಿಕೊಡುವ ಶಾಲೆ ಇದೆ, ಅಲ್ಲಿ ಮಕ್ಕಳು ಗಣಿತವನ್ನೂ ಆ ಅಕ್ಷರದಲ್ಲೇ ಬರೆಯುತ್ತಾರೆ ಅಂದಾಗ ನಮ್ಮವರಿಗೆ ಖುಷಿಯೂ ಆಯಿತು, ಪಾಪ ಅಂತಲೂ ಅನ್ನಿಸಿತು. 85 ಗುರುತು, ಮೇಲೆ ಗಣಿತ ಬೇರೆ.

ಕಳೆದ ವಾರ ಜಗಳದ ವಿಷಯ ಎತ್ತಿಕೊಂಡೆವು. 1835ರ ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಮೇಜರ್ ರಿಡ್ಜ್, ಅವನ ಮಗ ಜಾನ್ ರಿಡ್ಜ್, ಪತ್ರಿಕೆಯ ಮೊದಲ ಸಂಪಾದಕ ಎಲಿಯಾಸ್ ಬೌಡಿನಾಟ್ ಇದ್ದರು. ಬೌಡಿನಾಟ್ ಮೊದಲು ಬಿಟ್ಟುಹೋಗುವುದನ್ನು ವಿರೋಧಿಸುತ್ತಿದ್ದವನೇ. ಆಮೇಲೆ ಉಳಿಯುವುದು ಆಗದ ಮಾತು, ಇರುವ ಜೀವಗಳನ್ನಾದರೂ ಉಳಿಸೋಣ ಅಂತ ಮನಸ್ಸು ಬದಲಿಸಿದ. ಅದನ್ನು ತನ್ನ ಪತ್ರಿಕೆಯಲ್ಲಿ ಬರೆಯಲು ರಾಸ್ ಬಿಡದಿದ್ದಾಗ 1832ರಲ್ಲಿ ಕೆಲಸ ಬಿಟ್ಟ. ಸಭೆಯ ಒಪ್ಪಿಗೆ ಇಲ್ಲದೆ ನೆಲ ಮಾರಿದವರಿಗೆ ಸಾವೇ ಶಿಕ್ಷೆ ಅನ್ನುವುದು ಚೆರೊಕೀ ಕಾನೂನು, ಇವರಿಗೆಲ್ಲ ಅದು ಚೆನ್ನಾಗಿ ಗೊತ್ತಿತ್ತು. 1839ರ ಜೂನ್ 22ರಂದು ಹೊಸ ನಾಡಿನಲ್ಲಿ ಮೂವರನ್ನೂ ಬೇರೆ ಬೇರೆ ಜಾಗದಲ್ಲಿ ಅವರ ಜನರೇ ಕೊಂದರು.

"ಟ್ರೇಟರ್ಸ್," ಅಂದ ದಾವಣಗೆರೆಯವರ ಹುಡುಗ. ಕನ್ನಡದಲ್ಲಿ ಹೇಳು ಅಂದೆ. "ದ್ರೋಹಿಗಳು. ಹದಿನೈದು ಸಾವಿರ ಜನ ಬೇಡ ಅಂದ್ರೂ ಸೈನ್ ಮಾಡಿದ್ರಲ್ಲ." ನನ್ನ ಮಗಳು ಬಿಡಲಿಲ್ಲ. ಕೋರ್ಟ್ ಗೆದ್ದರೂ ಏನೂ ಆಗಲಿಲ್ಲ, ಮತ್ತೇನು ಮಾಡಬೇಕಿತ್ತು, ಪತ್ರಿಕೆಯಲ್ಲಿ ಬರೆಯುವುದಕ್ಕಾದರೂ ಬಿಡಬೇಕಿತ್ತು ಅಂತ ಶುರು ಮಾಡಿದಳು. ಹಾಗಾದರೆ ಎಲ್ಲರನ್ನೂ ಕೇಳಿ ವೋಟ್ ಹಾಕಿಸಬೇಕಿತ್ತು ಅಂತ ಇನ್ನೊಬ್ಬಳು. ಹೊತ್ತು ಮುಗಿದು ಅಪ್ಪ ಅಮ್ಮಂದಿರ ಕಾರುಗಳು ಬಂದು ನಿಂತಿದ್ದವು. ಶೂ ಹಾಕಿಕೊಳ್ಳುತ್ತಲೂ ಜಗಳ. ಮುಂದಿನ ವಾರ ಒತ್ತಕ್ಷರದ ಪರೀಕ್ಷೆ ಇದೆ ಅಂತ ಎರಡು ಸಲ ಕೂಗಿ ಹೇಳಿದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.